ಗೆದ್ದವರನ್ನು ಮಾತ್ರ ತೋರಿಸುವ ಪರದೆ

ಜೂಜು ಪಾಪವೇ ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಧರ್ಮಸಭೆಯ ಉತ್ತರ ನಾವು ಎಣಿಸುವಷ್ಟು ಗಡುಸಾದುದಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ತನ್ನ 2413ನೆಯ ಪರಿಚ್ಛೇದದಲ್ಲಿ ಬಾಜಿ ಕಟ್ಟುವುದನ್ನೇ ಅನ್ಯಾಯವೆಂದು ಕರೆಯುವುದಿಲ್ಲ. ತನಗೂ ತನ್ನನ್ನು ನಂಬಿದವರಿಗೂ ಬದುಕಲು ಬೇಕಾದ ಹಣ ಅದರಿಂದ ಹೋದಾಗ ಅದು ತಪ್ಪಾಗುತ್ತದೆ, ಅದರ ಗೀಳು ಮನುಷ್ಯನನ್ನು ದಾಸನನ್ನಾಗಿ ಮಾಡಬಲ್ಲದು ಎಂದು ಎಚ್ಚರಿಸುತ್ತದೆ. ಆಡುವವನಿಗೆ ಇಷ್ಟು ಸಾಕು. ಆದರೆ ಆಡಿಸುವ ವ್ಯವಸ್ಥೆಯನ್ನು ಕಟ್ಟಿಕೊಡುವವನಿಗೆ? ನಮ್ಮ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಕ್ರೀಡಾ ಬೆಟ್ಟಿಂಗ್ ಆ್ಯಪ್ ಒಂದಕ್ಕೆ ‘ಫೀಡ್’ ರೂಪಿಸಿಕೊಡು ಎಂದು ಅವರಲ್ಲೊಬ್ಬರಿಗೆ ಹೇಳಿದರೆ ಏನು ಮಾಡಬೇಕು? ಮೊದಲು ಆ ಕೆಲಸ ಎಂಥದೆಂದು ತಿಳಿದುಕೊಳ್ಳೋಣ.

ಬೆರಳಿನಿಂದ ಸರಿಸಿದಷ್ಟೂ ಇತರರ ಸುದ್ದಿ ಬರುತ್ತಲೇ ಇರುವ ಪರದೆಗೆ ಫೀಡ್ ಎನ್ನುತ್ತಾರೆ. ಫೇಸ್‌ಬುಕ್ ಇದನ್ನು 2006ರ ಸೆಪ್ಟೆಂಬರಿನಲ್ಲಿ ತಂದಿತು. ಬೆಟ್ಟಿಂಗಿಗೆ ಬಂದರೆ, 2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟು ಒಂದು ಹಳೆಯ ಕಾನೂನನ್ನು ರದ್ದು ಮಾಡಿತು. ಕ್ರೀಡಾ ಬೆಟ್ಟಿಂಗಿಗೆ ರಾಜ್ಯಗಳು ಅನುಮತಿ ಕೊಡದಂತೆ ತಡೆದಿದ್ದ, 1992ರ ಕೇಂದ್ರ ಕಾನೂನು ಅದು. ಅಂದಿನಿಂದ ಒಂದೊಂದೇ ರಾಜ್ಯದಲ್ಲಿ ಬಾಜಿ ಎಂಬುದು ಫೋನಿನೊಳಗೆ ಬಂದು ಕೂತಿತು. ಒಬ್ಬನೇ ಆಡುವವನು ಬೇಸತ್ತು ಫೋನು ಕೆಳಗಿಡಬಹುದು. ಗೆಳೆಯರೆಲ್ಲ ಏನು ಕಟ್ಟಿದ್ದಾರೆಂದು ಕಾಣುತ್ತಿದ್ದರೆ ಇಡುವುದು ಕಷ್ಟ. ಆದ್ದರಿಂದಲೇ ಈ ಫೀಡ್. ಬಳಸುವವನು ತಾನು ಕಟ್ಟಿದ ಬಾಜಿಯ ಚೀಟಿಯನ್ನು ಅಲ್ಲಿ ಹಾಕುತ್ತಾನೆ. ನೋಡಿದವನು ಒಂದು ಗುಂಡಿ ಒತ್ತಿದರೆ ಅದೇ ಬಾಜಿ ಅವನ ಲೆಕ್ಕಕ್ಕೂ ಬೀಳುವಂತೆ ಮಾಡಬಹುದು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕಾಗಿದೆ, ಓದುಗರು ಬೇಸರಪಡಬಾರದು. ಅಮೆರಿಕದಲ್ಲಿ ಸಾಮಾನ್ಯವಾಗಿ ನಡೆಯುವ ಒಂದು ದರದಂತೆ 100 ಡಾಲರ್ ಗೆಲ್ಲಬೇಕಾದರೆ 110 ಡಾಲರ್ ಒಡ್ಡಬೇಕು. ನೂರು ಸಲ ಆಡಿ ಸರಿಯಾಗಿ ಅರ್ಧದಷ್ಟು ಗೆದ್ದವನಿಗೆ 5,000 ಬಂದು 5,500 ಹೋಗುತ್ತದೆ. ನಷ್ಟ ತಪ್ಪಬೇಕಾದರೆ ನೂರರಲ್ಲಿ 53 ಸಲವಾದರೂ ಗೆಲ್ಲಬೇಕು. ಈಗ 1,000 ಜನ ಕಣ್ಣುಮುಚ್ಚಿ, ನಾಣ್ಯ ಚಿಮ್ಮಿದಂತೆ, ಐದೈದು ಬಾಜಿ ಕಟ್ಟಿದರೆನ್ನಿ. ಮೊದಲನೆಯದನ್ನು ಸುಮಾರು 500 ಮಂದಿ ಗೆಲ್ಲುತ್ತಾರೆ. ಎರಡನ್ನೂ ಗೆದ್ದವರು 250. ಹೀಗೆ ಐದನ್ನೂ ಗೆದ್ದವರು ಸುಮಾರು 31 ಮಂದಿ. ಇವರಿಗೆ ಆಟದ ಜ್ಞಾನ ಎಳ್ಳಷ್ಟೂ ಬೇಕಾಗಿಲ್ಲ. ಆದರೆ ಹೆಚ್ಚು ಗೆದ್ದವರು ಮೇಲೆ ಬರಲಿ ಎಂದು ಫೀಡನ್ನು ರೂಪಿಸಿದ್ದರೆ, ಬೆಳಿಗ್ಗೆ ಆ್ಯಪ್ ತೆರೆದವನ ಕಣ್ಣಿಗೆ ಬೀಳುವುದು ಈ 31 ಚೀಟಿಗಳೇ. ಅವನು ಅವರನ್ನು ಬಲ್ಲವರೆಂದು ನಂಬಿ ಗುಂಡಿ ಒತ್ತುತ್ತಾನೆ. ಉಳಿದ 969 ಜನರಲ್ಲಿ ಯಾರೂ ಸುಳ್ಳಾಡಿಲ್ಲ, ಸುಮ್ಮನಿದ್ದಾರೆ ಅಷ್ಟೇ. ತನ್ನ ಸೋಲನ್ನು ಯಾರು ತಾನೇ ಸಾರಿಕೊಂಡು ತಿರುಗುತ್ತಾರೆ?

ನಾಲ್ಕು ಬಾಜಿಗಳನ್ನು ಒಂದೇ ಚೀಟಿಯಲ್ಲಿ ಕಟ್ಟುವ ಪದ್ಧತಿಯೂ ಇದೆ. ನಾಲ್ಕೂ ಗೆದ್ದರೆ ಮಾತ್ರ ಹಣ. ಇದು ಹದಿನಾರರಲ್ಲಿ ಒಂದು ಸಲ ಒದಗುವ ಅದೃಷ್ಟ. ನ್ಯಾಯವಾಗಿ ಒಂದು ಡಾಲರಿಗೆ 16 ಬರಬೇಕು. ಮೇಲೆ ಹೇಳಿದ ದರದಲ್ಲಿ ಬರುವುದು 13ರ ಆಸುಪಾಸು. ಆದರೂ ಫೀಡಿನಲ್ಲಿ ಮಿಂಚುವುದು ಇಂಥ ಚೀಟಿಗಳೇ, ಏಕೆಂದರೆ ಗೆದ್ದ ಮೊತ್ತ ದೊಡ್ಡದು.

ಇಸ್ಪೀಟಿನ ಕಟ್ಟೆಯನ್ನು ನಾನು ಹೊಗಳುತ್ತಿಲ್ಲ. ಆದರೆ ಅಲ್ಲಿ ಸೋತವನ ಮುಖ ಎದುರಿಗೇ ಇರುತ್ತದೆ, ಅವನನ್ನು ಹುಡುಕಿಕೊಂಡು ಬರುವ ಹೆಂಡತಿಯೂ ಕಾಣುತ್ತಾಳೆ. ರೋಗಿಗಳ ಪಾಲಕರಾದ ಸಂತ ಕಮಿಲ್ಲಸರು ಯೌವನದಲ್ಲಿ ಸೈನಿಕರಾಗಿದ್ದು, ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಇಟಲಿಯ ಮನ್ಫ್ರೆದೋನಿಯಾದಲ್ಲಿ ಕಪುಚಿನ್ ಮಠದ ಕಟ್ಟಡದ ಕೂಲಿಗೆ ಸೇರಿದರು. 1575ರಲ್ಲಿ ಮನಸ್ಸು ತಿರುಗಿದ್ದು ಅಲ್ಲಿಯೇ. ಅಂಥ ಸೋಲು ಫೀಡಿನಲ್ಲಿ ಯಾರ ಕಣ್ಣಿಗೂ ಬೀಳದು. ಜೂಜನ್ನು ನಾವು ಏಳನೆಯ ಕಟ್ಟಳೆಯಡಿ ಓದುತ್ತೇವೆ. ಫೀಡು ಮಾತ್ರ ಎಂಟನೆಯದಕ್ಕೆ, ಸುಳ್ಳುಸಾಕ್ಷಿಯ ಕಟ್ಟಳೆಗೆ ಸೇರಿದ್ದೆಂದು ನನ್ನ ಅಭಿಪ್ರಾಯ. ಒಂದಕ್ಷರ ಸುಳ್ಳು ಬರೆಯದೆಯೂ ಅದು ಸುಳ್ಳುಸಾಕ್ಷಿ ನುಡಿಯುತ್ತದೆ.

ಹಾಗಾದರೆ ಸತ್ಯ ಹೇಳುವ ಫೀಡನ್ನು ರೂಪಿಸಲು ಸಾಧ್ಯವೇ? ತಂತ್ರದ ದೃಷ್ಟಿಯಿಂದ ಕಷ್ಟವೇನಲ್ಲ. ಆಟ ಶುರುವಾಗುವ ಮೊದಲೇ ಹಾಕಿದ ಚೀಟಿಯನ್ನು ಸೋತ ಮೇಲೆ ಅಳಿಸಲು ಬಿಡಬಾರದು. ಪ್ರತಿಯೊಬ್ಬನ ಹೆಸರಿನ ಪಕ್ಕದಲ್ಲಿ ವರ್ಷದ ಒಟ್ಟು ಲಾಭನಷ್ಟ ಕಾಣಬೇಕು. ಒಡ್ಡಿದ ಮೊತ್ತ ಕಾಣಬಾರದು, ಏಕೆಂದರೆ ಅದು ಪೈಪೋಟಿಗೆ ದಾರಿ. ನಕಲು ಮಾಡುವ ಗುಂಡಿ ಬೇಡವೇ ಬೇಡ. ತೊಡಕಿರುವುದು ಬೇರೆ ಕಡೆ: ಕಂಪನಿಯ ಆದಾಯ ಬರುವುದು ಸೋತವರ ಹಣದಿಂದ. ಸೋಲನ್ನು ಎತ್ತಿ ತೋರಿಸುವ ಫೀಡಿಗೆ ಅದು ಸಂಬಳ ಕೊಟ್ಟೀತೇ?

ಪರರ ತಪ್ಪಿನಲ್ಲಿ ನಮ್ಮ ಪಾಲು ಎಷ್ಟೆಂಬುದನ್ನು ಧರ್ಮಸಭೆಯ ನೀತಿಶಾಸ್ತ್ರ ಎರಡಾಗಿ ಬಿಡಿಸುತ್ತದೆ. ಆ ತಪ್ಪನ್ನೇ ಬಯಸಿ ಕೈಜೋಡಿಸುವುದು ಎಂದಿಗೂ ಸಲ್ಲದು. ಬಯಸದೆ, ದೂರದಿಂದ ನೆರವಾಗುವುದನ್ನು ಕಾರಣ ಮತ್ತು ಹಾನಿ ನೋಡಿ ತೂಗಬೇಕು. ಆ ಕಚೇರಿಯ ವಿದ್ಯುತ್ ತಂತಿ ಸರಿಪಡಿಸುವವನೂ ಫೀಡಿನಲ್ಲಿ ಯಾವ ಚೀಟಿ ಮೇಲೆ ಬರಬೇಕೆಂದು ನಿರ್ಧರಿಸುವವನೂ ಒಂದೇ ಅಲ್ಲ. ಎರಡನೆಯವನ ಕೆಲಸವೇ ಜನರನ್ನು ಇನ್ನಷ್ಟು ಆಡಿಸುವುದು. ಹಾಗೆ ಆಡಿಸಲೆಂದೇ ಸೋಲನ್ನು ಮರೆಮಾಡಿಕೊಡು ಎಂದರೆ, ನನ್ನ ತಿಳಿವಳಿಕೆಯಲ್ಲಿ, ಆ ಕೆಲಸ ಒಪ್ಪತಕ್ಕದ್ದಲ್ಲ.

ನಮ್ಮ ದೇಶದಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಅದರಲ್ಲಿ ಶಿಕ್ಷೆ ಆಡಿದವನಿಗಲ್ಲ, ಆಡಿಸಿದವನಿಗೆ: 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಹೊರದೇಶದಲ್ಲಿ ಇದು ರಕ್ಷಣೆಗೆ ಬಾರದು. ಮಗನೋ ಮಗಳೋ ಬ್ರಿಟನ್ನಿನಲ್ಲಿದ್ದು ಈ ಗೀಳಿಗೆ ಸಿಕ್ಕಿದ್ದರೆ, ಅಲ್ಲಿ ಗ್ಯಾಮ್‌ಸ್ಟಾಪ್ ಎಂಬ ಉಚಿತ ವ್ಯವಸ್ಥೆಯಿದೆ. ಆಡುವವರು ತಾವೇ ಅದರಲ್ಲಿ ಹೆಸರು ಬರೆಸಬೇಕು, ತಂದೆತಾಯಿ ಬರೆಸಲಾಗದು. 6 ತಿಂಗಳು, 1 ವರ್ಷ ಅಥವಾ 5 ವರ್ಷಕ್ಕೆ ಬರೆಸಿದರೆ, ಅಲ್ಲಿ ಪರವಾನಗಿ ಪಡೆದ ಆನ್‌ಲೈನ್ ಬೆಟ್ಟಿಂಗ್ ಕಂಪನಿಗಳು ಅವರಿಗೆ ಬಾಗಿಲು ಮುಚ್ಚಬೇಕು. 2020ರ ಮಾರ್ಚ್ 31ರಿಂದ ಇದು ಕಡ್ಡಾಯ.