ದುಬೈಯಿಂದ ಸಲಾಲಾಕ್ಕೆ: ಹೊರಡುವ ಮುನ್ನ ವಾಪಸಾತಿ ನೋಡಿಕೊಳ್ಳಿ

ಜುಲೈ ತಿಂಗಳಲ್ಲಿ ಶಿವಮೊಗ್ಗದ ಕೋಟೆ ಪಕ್ಕ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದರೆ, ದುಬೈಯಲ್ಲಿರುವ ಮಗ 45 ಡಿಗ್ರಿ ಬಿಸಿಲಲ್ಲಿ ಬೇಯುತ್ತಿರುತ್ತಾನೆ. ಮಳೆ ನೋಡಲು ಅವನು ರಜೆ ಹಾಕಿ ಊರಿಗೇ ಬರಬೇಕೆಂದೇನಿಲ್ಲ. ಪಕ್ಕದ ಒಮಾನ್‌ನ ದಕ್ಷಿಣದಲ್ಲಿ ಸಲಾಲಾ ಇದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮ್ಮದೇ ನೈರುತ್ಯ ಮುಂಗಾರಿನ ಅಂಚು ಅಲ್ಲಿನ ಧೋಫಾರ್ ಬೆಟ್ಟಗಳನ್ನು ತಾಕುತ್ತದೆ. ಅರಬರು ಆ ಕಾಲವನ್ನು ಖರೀಫ್ ಎನ್ನುತ್ತಾರೆ. ಮಲೆನಾಡಿನವರು ಅದನ್ನು ಮಳೆ ಎಂದು ಒಪ್ಪಲಿಕ್ಕಿಲ್ಲ, ಬರೀ ತುಂತುರು ಮತ್ತು ಮಂಜು. ಆದರೂ ಹಸಿರು ಗುಡ್ಡ, ರಸ್ತೆ ಬದಿಯ ಎಳನೀರು, ಬಾಳೆಗೊನೆ ಕಂಡರೆ ಜೀವ ತಣ್ಣಗಾಗುತ್ತದೆ.

ಭದ್ರಾವತಿಯ ಕಬ್ಬಿಣ, ಕಾಗದ ಕಾರ್ಖಾನೆಗಳ ಕ್ವಾರ್ಟರ್ಸ್‌ನಲ್ಲಿ ಬೆಳೆದು ಈಗ ಶಾರ್ಜಾ, ಅಬುಧಾಬಿಗಳಲ್ಲಿ ಫಿಟ್ಟರ್, ವೆಲ್ಡರ್ ಆಗಿರುವವರಿಗೂ ಈ ಪ್ರವಾಸ ಕೈಗೆಟುಕುವಂಥದ್ದೇ. ಒಮಾನ್ ವೀಸಾ ದೊಡ್ಡ ಕಷ್ಟವಲ್ಲ. ಜನ ಸಿಕ್ಕಿಹಾಕಿಕೊಳ್ಳುವುದು ಯುಎಇಗೆ ವಾಪಸ್ ಬರುವಾಗ. ಆದ್ದರಿಂದ ತಯಾರಿ ಅಲ್ಲಿಂದಲೇ ಶುರುವಾಗಲಿ.

ಮೊದಲು ನಿಮ್ಮ ರೆಸಿಡೆನ್ಸ್ ವೀಸಾ

2022ರ ಏಪ್ರಿಲ್‌ನಿಂದ ಯುಎಇ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕ್ಕರ್ ಅಂಟಿಸುವುದನ್ನು ನಿಲ್ಲಿಸಿದೆ. ಎಮಿರೇಟ್ಸ್ ಐಡಿಯೇ ಈಗ ನಿಮ್ಮ ವಾಸದ ದಾಖಲೆ. ಅದನ್ನು ಮರೆತು ಗಡಿಗೆ ಹೋಗಬೇಡಿ. ರೆಸಿಡೆನ್ಸ್‌ನ ಮುದ್ರಿತ ಪ್ರತಿಯೂ ಜೊತೆಗಿರಲಿ. ರೆಸಿಡೆನ್ಸ್ ಅವಧಿ ಕನಿಷ್ಠ ಮೂರು ತಿಂಗಳು, ಪಾಸ್‌ಪೋರ್ಟ್ ಆರು ತಿಂಗಳು ಉಳಿದಿರಬೇಕು. ಕಂಪನಿ ಬದಲಿಸಿ ಹೊಸ ವೀಸಾ ಇನ್ನೂ ಪ್ರೊಸೆಸಿಂಗ್‌ನಲ್ಲಿದ್ದರೆ, ಗೆಳೆಯರು ಎಷ್ಟೇ ಕರೆದರೂ ಹೊರಡಬೇಡಿ. ವೀಸಾ ಕೆಲಸ ನೋಡುವ ಕಂಪನಿಯ ಪಿಆರ್‌ಒ ‘ಏನೂ ಆಗಲ್ಲ’ ಅಂದರೂ ಐಡಿ ಕೈಗೆ ಬರುವವರೆಗೆ ಕಾಯುವುದೇ ಕ್ಷೇಮ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿದ್ದರೆ ಧೈರ್ಯವಾಗಿ ಕೇಳಿ. ನೌಕರನ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಮಾಲೀಕನಿಗೆ ಅಲ್ಲಿನ ಕಾನೂನಿನಲ್ಲಿಲ್ಲ. ದೇಶ ಬಿಟ್ಟರೆ ರೆಸಿಡೆನ್ಸ್ ರದ್ದಾಗುತ್ತದೆ ಎಂದು ಹೆದರುವವರಿದ್ದಾರೆ. ಸಾಮಾನ್ಯವಾಗಿ ಸತತ ಆರು ತಿಂಗಳು ಮೀರಿ ಹೊರಗಿದ್ದರೆ ಮಾತ್ರ ಆ ಚಿಂತೆ.

ಬ್ಯಾಂಕ್ ಸಾಲದ ಕಂತು ತಪ್ಪಿದ್ದರೆ, ಚೆಕ್ ಬೌನ್ಸ್ ಪ್ರಕರಣವಿದ್ದರೆ ಗಡಿಯಲ್ಲಿ ತಡೆಯಬಹುದು. ಹಣಕಾಸು ಪ್ರಕರಣದಲ್ಲಿ ಹೆಸರಿದೆಯೇ ಎಂದು ದುಬೈ ಪೊಲೀಸರ ಆ್ಯಪ್‌ನಲ್ಲೇ ನೋಡಿಕೊಳ್ಳಬಹುದು.

ಆಮೇಲೆ ಒಮಾನ್ ವೀಸಾ

ರಾಯಲ್ ಒಮಾನ್ ಪೊಲೀಸರ ಇ-ವೀಸಾ ಜಾಲತಾಣದಲ್ಲೇ ಅರ್ಜಿ ಹಾಕಿ, ಏಜೆಂಟ್ ಬೇಡ. ಕೊಲ್ಲಿ ದೇಶಗಳ ನಿವಾಸಿಗಳ ವೀಸಾಕ್ಕೆ ಶುಲ್ಕ 5 ರಿಯಾಲ್, ಅಂದರೆ 48 ದಿರಹಮ್ ಆಸುಪಾಸು. 28 ದಿನ ಇರಬಹುದು. ಮೊದಲು ಇಂಥಿಂಥ ಹುದ್ದೆಯವರಿಗೆ ಮಾತ್ರ ಎಂಬ ಪಟ್ಟಿಯಿತ್ತು, 2023ರಲ್ಲಿ ಅದು ಹೋಯಿತು. ಅವಧಿ ಮೀರಿದರೆ ದಿನಕ್ಕೆ 10 ರಿಯಾಲ್ ದಂಡ.

ಅಪ್ಪ ಅಮ್ಮ ಜೊತೆಗಿದ್ದರೆ

ಹೆಚ್ಚು ಎಚ್ಚರ ಬೇಕಿರುವುದು ಇಲ್ಲೇ. ಊರಿಂದ ವಿಸಿಟ್ ವೀಸಾದಲ್ಲಿ ಬಂದ ಹಿರಿಯರನ್ನು ‘ಹೇಗೂ ಕಾರಲ್ಲಿ ಜಾಗ ಇದೆ’ ಎಂದು ಕೂರಿಸಿಕೊಂಡು ಹೋಗುವುದುಂಟು. ಅವರದು ಸಿಂಗಲ್ ಎಂಟ್ರಿ ವೀಸಾ ಆಗಿದ್ದರೆ ಗಡಿ ದಾಟಿದ ಕ್ಷಣಕ್ಕೇ ಅದು ಮುಗಿಯಿತು. ಮಗ ಐಡಿ ತೋರಿಸಿ ವಾಪಸ್ ಬರುತ್ತಾನೆ. ಅಪ್ಪ ಅಮ್ಮ ಒಮಾನ್ ಕಡೆಯೇ ಉಳಿದು ಹೊಸ ಯುಎಇ ವೀಸಾಕ್ಕೆ ಕಾಯಬೇಕು. ಕೊಲ್ಲಿ ನಿವಾಸಿಗಳ ಸುಲಭ ವೀಸಾ ಕೂಡ ಅವರಿಗೆ ಅನ್ವಯಿಸುವುದಿಲ್ಲ, ಪ್ರವಾಸಿ ವೀಸಾ ಬೇರೆ ತೆಗೆಸಬೇಕು. ಆದ್ದರಿಂದ ಶಿವಮೊಗ್ಗದಿಂದ ಕರೆಸಿಕೊಳ್ಳುವಾಗಲೇ ಮಲ್ಟಿಪಲ್ ಎಂಟ್ರಿ ವೀಸಾ ಮಾಡಿಸಿ. ಇನ್ನೊಂದು ತೊಡಕು ಹೆಸರಿನದು. ನಮ್ಮ ಹಿರಿಯರ ಪಾಸ್‌ಪೋರ್ಟ್‌ಗಳಲ್ಲಿ ಎಷ್ಟೋ ಸಲ ಒಂದೇ ಹೆಸರಿರುತ್ತದೆ, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಇಂಥವರಿಗೆ ಯುಎಇ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತಾರೆ. ಟಿಕೆಟ್ ತೆಗೆಸುವ ಮುಂಚೆ ಆ ಪುಟ ತೆರೆದು ನೋಡಿ.

ಕಾರು ಮತ್ತು ದಾರಿ

ಮುಲ್ಕಿಯಾ, ಅಂದರೆ ಕಾರಿನ ನೋಂದಣಿ ಪತ್ರ, ನಿಮ್ಮ ಹೆಸರಲ್ಲಿರಬೇಕು. ಬಾಡಿಗೆ ಕಾರು, ಕಂಪನಿ ಕಾರು, ಗೆಳೆಯನ ಕಾರು ಆದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಯುಎಇ ವಿಮೆ ಒಮಾನ್‌ನಲ್ಲಿ ತಾನಾಗಿ ನಡೆಯುತ್ತದೆಂದು ನಂಬಬೇಡಿ. ವಿಮಾ ಕಂಪನಿಯಿಂದ ಗಡಿಯಾಚೆಗೂ ನಡೆಯುವ ವಿಮೆಯ ಆರೆಂಜ್ ಕಾರ್ಡ್ ಕೇಳಿ ಪಡೆಯಿರಿ. ಗಡಿಯಲ್ಲಿ ತಲೆಗೆ ಸುಮಾರು 35 ದಿರಹಮ್ ಎಕ್ಸಿಟ್ ಶುಲ್ಕ ಕಟ್ಟಬೇಕು.

ದುಬೈಯಿಂದ ಸಲಾಲಾ ಸುಮಾರು 1,200 ಕಿ.ಮೀ. ಅಲ್ ಐನ್ ಬಳಿಯ ಮೆಜ್ಯಾದ್ ಗಡಿ ದಾಟಿ ಇಬ್ರಿ, ಆದಮ್, ಹೈಮಾ, ಥುಮ್ರೈತ್ ಮೂಲಕ ದಾರಿ. ಆದಮ್ ಬಿಟ್ಟ ಮೇಲೆ ನೂರಾರು ಕಿಲೋಮೀಟರ್ ಬರೀ ಮರಳುಗಾಡು, ನಿದ್ದೆ ತರಿಸುವಷ್ಟು ನೇರ ರಸ್ತೆ. ಹೈಮಾದಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ. ರಾತ್ರಿ ಓಡಿಸಬೇಡಿ, ಒಂಟೆಗಳು ಅಡ್ಡ ಬರುತ್ತವೆ. ಥುಮ್ರೈತ್ ದಾಟಿ ಸಲಾಲಾಕ್ಕೆ ಇಳಿಯುವ ಘಾಟಿಯಲ್ಲಿ ಖರೀಫ್ ಮಂಜು ಎಷ್ಟು ದಟ್ಟವೆಂದರೆ ಮುಂದಿನ ಲಾರಿಯ ಕೆಂಪು ದೀಪವೂ ಹತ್ತಿರ ಹೋಗುವವರೆಗೆ ಕಾಣದು. ಅಪಘಾತವಾದರೆ ಒಮಾನ್‌ನಲ್ಲಿ 9999ಕ್ಕೆ ಕರೆ ಮಾಡಬೇಕು.

ಸಮಯ ಕಡಿಮೆಯಿದ್ದರೆ ವಿಮಾನ ಹತ್ತಿ, ಇಲ್ಲವೇ ರಾಸ್ ಅಲ್ ಖೈಮಾ ಕಡೆಯಿಂದ ಒಮಾನ್‌ನದೇ ಆದ ಮುಸಂದಮ್‌ಗೆ ಹೋಗಿ ಖಸಬ್‌ನಲ್ಲಿ ದೋಣಿ ಏರಿ. ಈದ್ ರಜೆ, ಡಿಸೆಂಬರ್ 2ರ ಯುಎಇ ರಾಷ್ಟ್ರೀಯ ದಿನದ ಆಸುಪಾಸು ಗಡಿಯಲ್ಲಿ ಕಾರುಗಳ ಸಾಲು ಕರಗುವುದೇ ಇಲ್ಲ. ಆ ದಿನಗಳನ್ನು ಬಿಡಿ.

ಸೌದಿಯಲ್ಲಿರುವವರ ಲೆಕ್ಕ ಬೇರೆ. ದಮ್ಮಾಮ್‌ನಿಂದ ಸೇತುವೆ ದಾಟಿ ಬಹ್ರೇನ್‌ಗೆ ಹೋಗಲೂ ಇಕಾಮಾ (ವಾಸದ ಪರವಾನಗಿ) ಸಾಲದು, ಎಕ್ಸಿಟ್ ರೀ-ಎಂಟ್ರಿ ವೀಸಾ ಬೇಕೇ ಬೇಕು. ಅದಿಲ್ಲದೆ ಹೆಜ್ಜೆ ಇಡಬೇಡಿ.

ಒಮಾನ್‌ನಿಂದ ಯುಎಇಗೆ ವಾಪಸ್ ಬರುವಾಗ ಕಸ್ಟಮ್ಸ್‌ನವರು ಡಿಕ್ಕಿ ತೆರೆಸಬಹುದು. ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ವೀಳ್ಯದೆಲೆ, ಪಾನ್ ಕೂಡ ನಿಷಿದ್ಧ. ಊರಿನ ಅಡಿಕೆ ಪೊಟ್ಟಣ, ಪಾಯಸಕ್ಕೆಂದು ಅಮ್ಮ ಕಟ್ಟಿಕೊಟ್ಟ ಗಸಗಸೆ ಬ್ಯಾಗಿನ ಮೂಲೆಯಲ್ಲಿ ಉಳಿದಿಲ್ಲವೆಂದು ಖಾತರಿ ಮಾಡಿಕೊಳ್ಳಿ. ಟ್ರಮಡಾಲ್, ಕೊಡೀನ್ ಇರುವ ನೋವಿನ, ಕೆಮ್ಮಿನ ಔಷಧಿಗಳೂ ಅನುಮತಿಯಿಲ್ಲದೆ ಇರಕೂಡದು.