ಕಳ್ಳಸಾಗಣೆಯ ಮಾಲು ಯಾರ ವಶದಲ್ಲಿತ್ತು? ಯುವ ಪ್ರಾಸಿಕ್ಯೂಟರ್‌ಗೆ ಸೂತ್ರಗಳು

1962ರ ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 135ರಡಿ ಏಳು ವರ್ಷದವರೆಗೆ ಜೈಲಾಗಬಹುದು. ಅಷ್ಟು ದೊಡ್ಡ ಶಿಕ್ಷೆ ಕೇಳುವವರು, ಮಾಲು ಈ ಆರೋಪಿಯ ವಶದಲ್ಲೇ ಇತ್ತು ಎಂಬುದನ್ನು ಸ್ವಂತ ಸಾಕ್ಷ್ಯದಿಂದ ರುಜುವಾತು ಮಾಡಲೇಬೇಕು. ಕಾಯ್ದೆ ನಮ್ಮ ಪರವಾಗಿ ಕೊಡುವ ಅನುಕೂಲಗಳೆಲ್ಲ ಆಮೇಲಿನ ಮಾತು.

1. ಹತೋಟಿ, ಅರಿವು ಎರಡನ್ನೂ ತೋರಿಸಿ. ಚಿನ್ನ ಆರೋಪಿಯ ಕೈಯಲ್ಲೇ ಸಿಗಬೇಕೆಂದಿಲ್ಲ, ಅವನ ಹತೋಟಿಯಲ್ಲಿದ್ದರೆ ಸಾಕು. ಆದರೆ "ಊರಿಗೆ ಮುಟ್ಟಿಸಿಬಿಡಪ್ಪಾ" ಎಂದು ಯಾರೋ ಕೊಟ್ಟ ಹೊಲಿದ ಪೊಟ್ಟಣವನ್ನು ದುಬೈನಿಂದ ಹೊತ್ತು ತಂದ ಕೂಲಿಯಾಳಿಗೆ ಒಳಗೇನಿದೆ ಎಂದು ಗೊತ್ತಿತ್ತೇ? ಮಾಲು ಮುಟ್ಟುಗೋಲಿಗೆ ಅರ್ಹ ಎಂದು ಗೊತ್ತಿರಬೇಕು, ಇಲ್ಲವೇ ಹಾಗೆ ನಂಬಲು ಕಾರಣವಿರಬೇಕು ಎನ್ನುತ್ತದೆ ಸೆಕ್ಷನ್ 135. ದೂರು ಸಲ್ಲಿಸುವ ಮೊದಲೇ ಈ ಪ್ರಶ್ನೆ ಕೇಳಿಕೊಳ್ಳಿ.

2. ಸೆಕ್ಷನ್ 123 ತಾನಾಗಿ ಬರುವುದಿಲ್ಲ. ಚಿನ್ನ, ಕೈಗಡಿಯಾರ ಮತ್ತು ಸರ್ಕಾರ ಅಧಿಸೂಚನೆ ಹೊರಡಿಸಿದ ಸರಕುಗಳು ಕಳ್ಳಸಾಗಣೆಯದ್ದಲ್ಲ ಎಂದು ಸಾಬೀತುಪಡಿಸುವ ಹೊಣೆ, ಯಾರ ವಶದಿಂದ ಜಪ್ತಿಯಾಯಿತೋ ಅವರ ಮೇಲಿದೆ. ಆದರೆ ಜಪ್ತಿ ಇದೇ ಕಾಯ್ದೆಯಡಿ, ಸಕಾರಣ ನಂಬಿಕೆಯಿಂದ ಆಗಿರಬೇಕು. ಗ್ಯಾನ್ ಚಂದ್ ಪ್ರಕರಣವನ್ನು (ಎಐಆರ್ 1962) ಓದಿ. ಅಲ್ಲಿ ಚಿನ್ನವನ್ನು ಮೊದಲು ಜಪ್ತಿ ಮಾಡಿದ್ದು ಪೊಲೀಸರು, ಆಮೇಲೆ ಕಸ್ಟಮ್ಸ್‌ಗೆ ಒಪ್ಪಿಸಿದರು. ಅಂಥ ಮಾಲಿಗೆ ಹಳೆಯ ಸೀ ಕಸ್ಟಮ್ಸ್ ಕಾಯ್ದೆಯ 178-ಎ, ಅಂದರೆ ಇಂದಿನ 123ರ ಪೂರ್ವಜ, ಅನ್ವಯಿಸದು ಎಂದಿತು ಸುಪ್ರೀಂ ಕೋರ್ಟ್. ಮಾಲಿಗೆ ಮೊದಲು ಕೈಹಾಕಿದವರು ಯಾರು ಎಂದು ಕಡತದಲ್ಲಿ ಹುಡುಕಿ.

3. ಮಹಜರನ್ನು ಪಾಟಿ ಸವಾಲು ಮಾಡುವ ವಕೀಲರ ಕಣ್ಣಿನಿಂದ ಓದಿ. ನಿಮ್ಮ ಹೆಚ್ಚಿನ ಸಮಯ ಇಲ್ಲಿಗೇ ಮೀಸಲಿರಲಿ. "ಪ್ರಯಾಣಿಕನ ಬ್ಯಾಗಿನಲ್ಲಿ ಚಿನ್ನ ಸಿಕ್ಕಿತು" ಎಂಬ ಒಂದು ಸಾಲಿನಿಂದ ಏನೂ ಆಗದು. ಬ್ಯಾಗೇಜ್ ಟ್ಯಾಗಿನ ಸಂಖ್ಯೆ ಪ್ರಯಾಣಿಕನ ಬಳಿಯಿದ್ದ ಚೀಟಿಯೊಂದಿಗೆ ತಾಳೆಯಾಯಿತೇ? ಬೀಗದ ಕೈ ಯಾರ ಜೇಬಿನಿಂದ ಬಂತು? ಜಿಪ್ ಎಳೆದವರು ಯಾರು, ಪಂಚರು ಆಗ ಎಲ್ಲಿ ನಿಂತಿದ್ದರು? ಚಿನ್ನದ ಪೇಸ್ಟ್ ಆಗಿದ್ದರೆ ಎರಡು ತೂಕ ಬೇಕು: ಸೊಂಟಪಟ್ಟಿಯಿಂದ ತೆಗೆದಾಗಿನದು, ಕರಗಿಸಿ ಗಟ್ಟಿ ಮಾಡಿದ ಮೇಲಿನದು. ಒಂದನ್ನೇ ಬರೆದಿದ್ದರೆ, ನ್ಯಾಯಾಲಯಕ್ಕೆ ಬಂದ ಗಟ್ಟಿ ಆ ಪೇಸ್ಟಿನದೇ ಎಂದು ಹೇಳುವುದು ಹೇಗೆ? ಸೀಲು ಹಾಕಿದಲ್ಲಿಂದ ಮುದ್ದೆಮಾಲು ಹಾಜರಾಗುವವರೆಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೂ ಕಾಗದವಿರಲಿ.

4. ಸೆಕ್ಷನ್ 108ರ ಹೇಳಿಕೆಯೊಂದನ್ನೇ ನೆಚ್ಚಬೇಡಿ. ಕಸ್ಟಮ್ಸ್ ಅಧಿಕಾರಿ ಪೊಲೀಸ್ ಅಧಿಕಾರಿಯಲ್ಲ, ಹಾಗಾಗಿ ಅವರೆದುರಿನ ಒಪ್ಪಿಗೆಯನ್ನು ನ್ಯಾಯಾಲಯ ನೋಡಬಹುದು. ಹಿಂತೆಗೆದುಕೊಂಡ ಹೇಳಿಕೆಯೂ ಸ್ವಪ್ರೇರಿತ, ಸತ್ಯ ಎಂದು ಕಂಡರೆ ಆಧಾರವಾಗಬಹುದು ಎಂದು ಪವುಣ್ಣಿ ಪ್ರಕರಣದಲ್ಲಿ (1997) ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಮನೆಯ ಆವರಣದಲ್ಲಿ ಹೂತಿಟ್ಟ ವಿದೇಶಿ ಮುದ್ರೆಯ ಚಿನ್ನವೂ ಸಿಕ್ಕಿತ್ತು. ಅಂಥ ಬೆಂಬಲ ಸಾಕ್ಷ್ಯ ನಿಮ್ಮಲ್ಲೂ ಇರಲಿ. ಬಲವಂತದಿಂದ ಬರೆಸಿದ ಹೇಳಿಕೆ ಎಂಬ ಅನುಮಾನ ನಿಮಗೇ ಬಂದರೆ ಅದನ್ನು ಬಳಸಲೇಬೇಡಿ.

5. ಹಲವರು ಬಳಸುವ ಮನೆ, ಕಾರು, ಗೋದಾಮುಗಳಲ್ಲಿ ಒಡೆತನದ ಕಾಗದ ಸಾಲದು. ಕಾರಿನ ಆರ್‌ಸಿ ಯಾರ ಹೆಸರಲ್ಲಿದೆ ಎಂಬುದಕ್ಕಿಂತ, ಅಂದು ಚಾವಿ ಯಾರ ಬಳಿಯಿತ್ತು, ಸೀಟಿನಡಿಯ ಗುಪ್ತ ಗೂಡು ಯಾರಿಗೆ ಗೊತ್ತಿತ್ತು ಎಂಬುದೇ ಮುಖ್ಯ.

6. ಸಿಸಿಟಿವಿ, ವಾಟ್ಸಾಪ್ ಸಾಕ್ಷ್ಯವಿದ್ದರೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರವನ್ನು ಮೊದಲೇ ತರಿಸಿ.

7. ಸೆಕ್ಷನ್ 138-ಎ ಬಹಳ ಭಾರದ ಅಸ್ತ್ರ. ಅಪರಾಧಿ ಮನಸ್ಸು ಇತ್ತೆಂದೇ ನ್ಯಾಯಾಲಯ ಭಾವಿಸುತ್ತದೆ. ಇರಲಿಲ್ಲ ಎಂದು ಆರೋಪಿಯೇ ಸಂಶಯಾತೀತವಾಗಿ ತೋರಿಸಬೇಕು. ಬಡ ಪ್ರಯಾಣಿಕನಿಗೆ ಇದು ಹೊರಲಾರದ ಹೊರೆ. ಅದಕ್ಕೇ ವಶವನ್ನು ಗಟ್ಟಿಯಾಗಿ ಸಾಬೀತುಪಡಿಸದೆ ಇದರ ಹೆಸರೆತ್ತುವುದು ಅನ್ಯಾಯ ಎಂದೇ ನನ್ನ ನಂಬಿಕೆ.

8. ಸಾಕ್ಷಿಗಳನ್ನು ಬೇಗ ಸಿದ್ಧಪಡಿಸಿ. ಇದು ಇಲಾಖೆ ಸಲ್ಲಿಸುವ ದೂರಿನ ಮೊಕದ್ದಮೆ. ವಾರಂಟ್ ವಿಚಾರಣೆಯಲ್ಲಿ ಆರೋಪ ಹೊರಿಸುವ ಮೊದಲೇ ಸಾಕ್ಷ್ಯ ಕೊಡಬೇಕು. ಬೆಂಗಳೂರಿನ ಆರ್ಥಿಕ ಅಪರಾಧಗಳ ವಿಶೇಷ ನ್ಯಾಯಾಲಯಕ್ಕೆ ಹೊಸಬರಾಗಿ ಬರುವವರು ಇದನ್ನು ಮೊದಲು ಕಲಿಯಲಿ.

9. ಇಲಾಖೆಯ ನ್ಯಾಯನಿರ್ಣಯ ಆದೇಶ ಬಂದಿದ್ದರೆ ಪೂರ್ತಿ ಓದಿ. ಮಾಲು ಈತನ ವಶದಲ್ಲಿರಲೇ ಇಲ್ಲ ಎಂದು ಅಲ್ಲೇ ಗುಣಾವಗುಣದ ಮೇಲೆ ತೀರ್ಮಾನವಾಗಿದ್ದರೆ, ರಾಧೇಶ್ಯಾಮ್ ಕೇಜ್ರಿವಾಲ್ ತೀರ್ಪಿನ (2011) ಪ್ರಕಾರ ಅದೇ ಸಂಗತಿಗಳ ಮೇಲಿನ ಕ್ರಿಮಿನಲ್ ಮೊಕದ್ದಮೆ ಮುಂದುವರಿಯಲಾರದು. ಆಗ ಕಡತವನ್ನು ಆಯುಕ್ತರಿಗೆ ಹಿಂದಿರುಗಿಸಿ, ಕಾರಣವನ್ನು ಲಿಖಿತವಾಗಿ ಕೊಡಿ.