ಪ್ಯಾರಿಸ್‌ಗೆ ಹೋದ ಇಮಾಮ್

ವಿದ್ಯಾರ್ಥಿ ವಿನಿಮಯಕ್ಕೆಂದು ಮಗ ಒಂದು ವರ್ಷ ಪರದೇಶಕ್ಕೆ ಹೊರಟರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, "ಅಲ್ಲಿ ಅವನ ದೀನ್ ಉಳಿದೀತೇ?" ನಿಮ್ಮ ಆತಂಕ ಸಹಜ. ಆದರೆ ಉತ್ತರ ಹೇಳುವ ಮುನ್ನ ರಿಫಾಅ ತಹ್ತಾವಿಯವರನ್ನು ನೆನೆಯಿರಿ.

1826ರಲ್ಲಿ ಈಜಿಪ್ಟಿನ ಮುಹಮ್ಮದ್ ಅಲಿ ಪಾಷಾ ನಲ್ವತ್ತಕ್ಕೂ ಹೆಚ್ಚು ಮಂದಿಯನ್ನು ಕಲಿಯಲು ಪ್ಯಾರಿಸ್‌ಗೆ ಕಳುಹಿಸಿದರು. ಅವರ ಇಮಾಮರಾಗಿ ಹೊರಟವರು ಅಲ್ ಅಝ್‌ಹರ್‌ನಲ್ಲಿ ಓದಿದ ಯುವಕ ತಹ್ತಾವಿ. ಕಂಡದ್ದನ್ನು ಬರೆದಿಡಬೇಕೆಂದು ಗುರು ಹಸನ್ ಅಲ್ ಅತ್ತಾರ್ ತಾಕೀತು ಮಾಡಿದ್ದರು.

ನಮಾಝ್‌ಗೆ ನೇತೃತ್ವ ನೀಡಿ ಸುಮ್ಮನಿರಬಹುದಿತ್ತು. ಅವರು ಫ್ರೆಂಚ್ ಕಲಿಯಲು ಕುಳಿತರು. ಮರಳುವಾಗ ನುರಿತ ಅನುವಾದಕರಾಗಿದ್ದರು. ನೆಲದಲ್ಲಿ ಕುಳಿತು ಒಂದೇ ತಟ್ಟೆಯಿಂದ ಉಣ್ಣುವ ನಾಡಿನಿಂದ ಬಂದವರಿಗೆ ಅಲ್ಲಿ ಕುರ್ಚಿ, ಎತ್ತರದ ಮೇಜು, ಒಬ್ಬೊಬ್ಬರಿಗೂ ಬೇರೆ ತಟ್ಟೆ, ಚೂರಿ, ಮುಳ್ಳುಚಮಚ! ಅವರು ಹೀಯಾಳಿಸಲಿಲ್ಲ, ಮರುಳಾಗಲೂ ಇಲ್ಲ. ಇದ್ದುದನ್ನು ಇದ್ದಂತೆ ಬರೆದರು. ಫ್ರೆಂಚರ ಶುಚಿತ್ವವನ್ನೂ ಕಲಿಯುವ ಹಂಬಲವನ್ನೂ ಮನಸಾರೆ ಹೊಗಳಿದರು. ಬುದ್ಧಿಯನ್ನೇ ನೆಚ್ಚಿ ಧರ್ಮವನ್ನು ಬದಿಗಿಟ್ಟ ಅವರ ವಿಚಾರಗಳನ್ನು ಮಾತ್ರ ಒಪ್ಪಲಿಲ್ಲ. (ನಮ್ಮಲ್ಲಿ ಕೆಲವರು ವಾರದೊಳಗೇ ಒಂದು ದೇಶದ ಮೇಲೆ ತೀರ್ಪು ಕೊಟ್ಟುಬಿಡುತ್ತಾರೆ. ಅವರು ಅಲ್ಲಿದ್ದದ್ದು ಐದು ವರ್ಷ.)

1831ರಲ್ಲಿ ಮರಳಿದರು. ಆ ಬರಹ 1834ರಲ್ಲಿ ಗ್ರಂಥವಾಗಿ ಅಚ್ಚಾಯಿತು. ಮರುವರ್ಷ ಕೈರೋದಲ್ಲಿ ಭಾಷೆಗಳನ್ನು ಕಲಿಸುವ ಶಾಲೆಯೂ ಅವರ ಯತ್ನದಿಂದ ಆರಂಭವಾಯಿತು.

ಮಗನ ಪೆಟ್ಟಿಗೆಯಲ್ಲಿ ಮುಸಲ್ಲಾ, ಉಪ್ಪಿನಕಾಯಿಯ ಡಬ್ಬಿ ಇಡುವಾಗ ಒಂದು ಖಾಲಿ ನೋಟ್‌ಬುಕ್ಕನ್ನೂ ಇಡಿ. ಫೋನಿನಲ್ಲಿ ನಮಾಝ್ ಬಗ್ಗೆ ವಿಚಾರಿಸಿರಿ; ಜೊತೆಗೆ, ಈ ವಾರ ಅಲ್ಲಿಯವರಲ್ಲಿ ಏನು ಒಳ್ಳೆಯದನ್ನು ಕಂಡೆ ಎಂದೂ ಕೇಳಿರಿ.